ನನ್ನ ಕೆಲಸ ಉಳಿಸಿಕೊಟ್ಟವರ ಎದುರೇ ಸ್ಪರ್ಧಿಸಲೇ?

ಪ್ರಶ್ನೆ: ನಾನು ಕಾರ್ಖಾನೆಯೊಂದರ ಗುಣಮಟ್ಟ ಪರೀಕ್ಷಾ ವಿಭಾಗದಲ್ಲಿದ್ದೇನೆ. ನಮ್ಮ ಕಾರ್ಮಿಕ ಸಂಘದ ಶಾಖೆಗೆ ಬರುವ ತಿಂಗಳು ಚುನಾವಣೆ ನಡೆಯಲಿದೆ. ಈಗಿನ ಕಾರ್ಯದರ್ಶಿಯವರು ಸತತ ನಾಲ್ಕು ಅವಧಿಗೆ ಅವಿರೋಧವಾಗಿ ಆಯ್ಕೆಯಾದ ಹಿರಿಯರು. ಹೆರಿಗೆ ರಜೆ ಮುಗಿಸಿ ಬಂದಾಗ ನನ್ನ ಮೇಲೆ ಸುಳ್ಳು ಆರೋಪ ಹೊರಿಸಲಾಗಿತ್ತು. ಆ ವಿಚಾರಣೆಯಲ್ಲಿ ನನ್ನ ಪರ ನಿಂತು ಕೆಲಸ ಉಳಿಸಿಕೊಟ್ಟವರು ಅವರೇ. ಆದರೆ ಎರಡು ವರ್ಷಗಳಿಂದ ಮಹಾಸಭೆ ನಡೆದಿಲ್ಲ, ಲೆಕ್ಕಪತ್ರ ಮಂಡನೆಯಾಗಿಲ್ಲ, ರಾತ್ರಿ ಪಾಳಿಯ ಹೆಂಗಸರಿಗೆ ವಾಹನ ಬೇಕೆಂಬ ಬೇಡಿಕೆ ಅವರ ಮೇಜಿನ ಮೇಲೆಯೇ ಉಳಿದಿದೆ. ಸಹೋದ್ಯೋಗಿಗಳು ನನ್ನನ್ನು ನಿಲ್ಲುವಂತೆ ಒತ್ತಾಯಿಸುತ್ತಿದ್ದಾರೆ. ನಾನು ಗಟ್ಟಿ ಧ್ವನಿಯವಳಲ್ಲ. ಬಡ್ತಿ ಸಿಗುವ ಹೊತ್ತಿನಲ್ಲಿ ಇದೆಲ್ಲ ಏಕೆ ಎಂದು ಪತಿ ಕೇಳುತ್ತಾರೆ. ಸ್ಪರ್ಧಿಸಿದರೆ ಆ ಹಿರಿಯರಿಗೆ ದ್ರೋಹ ಮಾಡಿದಂತಾಗುವುದಿಲ್ಲವೇ?

ಉತ್ತರ: ನಿಮ್ಮ ಪತ್ರವನ್ನು ಎರಡು ಬಾರಿ ಓದಿದೆ. ಸ್ಪರ್ಧಿಸುವುದರಿಂದ ದ್ರೋಹವಾಗುವುದಿಲ್ಲ; ಆದರೆ ಸ್ಪರ್ಧಿಸುವ ರೀತಿಯಲ್ಲಿ ದ್ರೋಹವಾಗುವ ಸಾಧ್ಯತೆ ಖಂಡಿತ ಇದೆ. ಆದ್ದರಿಂದ ನಿಲ್ಲಬೇಕೋ ಬೇಡವೋ ಎಂಬುದಕ್ಕಿಂತ ಹೇಗೆ ನಿಲ್ಲಬೇಕು ಎಂಬುದರ ಬಗ್ಗೆಯೇ ನಿಮ್ಮೊಡನೆ ಹೆಚ್ಚು ಮಾತನಾಡಬೇಕೆನಿಸುತ್ತದೆ.

ಆ ಹಿರಿಯರು ನಿಮ್ಮ ಪರ ನಿಂತದ್ದು ಸಂಘದ ಕಾರ್ಯದರ್ಶಿಯಾಗಿ, ಸಂಘದ ಒಬ್ಬ ಸದಸ್ಯೆಗಾಗಿ. ಅದಕ್ಕಾಗಿ ನೀವು ಜೀವನಪರ್ಯಂತ ಕೃತಜ್ಞರಾಗಿರಬಹುದು, ಇರಬೇಕು ಕೂಡ. ಆದರೆ ಆ ಋಣವನ್ನು ನಿಮ್ಮ ಮತದಿಂದಲೋ ಮೌನದಿಂದಲೋ ತೀರಿಸಬೇಕೆಂದು ಅವರು ಅಂದು ಕೇಳಿರಲಿಲ್ಲ. ನಾಲ್ಕು ಅವಧಿಗೆ ಎದುರಾಳಿಯೇ ಇಲ್ಲದೆ ಆಯ್ಕೆಯಾದ ನಾಯಕನಿಗೆ ಸದಸ್ಯರು ನಿಜವಾಗಿ ಏನು ಬಯಸುತ್ತಾರೆಂಬುದನ್ನು ತಿಳಿಯುವ ಅವಕಾಶವೇ ಇರುವುದಿಲ್ಲ. ಅಂಥ ನಾಯಕ ಮಾತುಕತೆಯ ಮೇಜಿಗೆ ಹೋದಾಗ, ಇವರ ಹಿಂದೆ ಎಷ್ಟು ಜನರಿದ್ದಾರೆ ಎಂಬ ಅನುಮಾನ ಆಡಳಿತ ವರ್ಗಕ್ಕೂ ಬರುತ್ತದೆ. ಮತ ಎಣಿಸಿ ಗೆದ್ದವರಿಗೆ, ಅದು ನೀವಾಗಲಿ ಅವರಾಗಲಿ, ಆ ಮೇಜಿನಲ್ಲಿ ತೂಕ ಹೆಚ್ಚು.

ನೀವು ಮೊದಲು ಮಾಡಬೇಕಾದ ಕೆಲಸವೆಂದರೆ, ನಾಮಪತ್ರ ಸಲ್ಲಿಸುವುದಕ್ಕೂ ಮುನ್ನ, ಬೇರೆಯವರ ಬಾಯಿಂದ ಸುದ್ದಿ ತಲುಪುವುದಕ್ಕೂ ಮುನ್ನ, ನೀವೊಬ್ಬರೇ ಹೋಗಿ ಅವರಿಗೆ ವಿಷಯ ತಿಳಿಸುವುದು. ಅನುಮತಿ ಕೇಳಬೇಡಿ, ಏಕೆಂದರೆ ಅದು ಅವರು ಕೊಡುವಂಥದ್ದಲ್ಲ, ಕ್ಷಮೆಯನ್ನೂ ಕೇಳಬೇಡಿ. ಅವರು ನಿಮಗಾಗಿ ಮಾಡಿದ್ದನ್ನು ಮರೆತಿಲ್ಲವೆಂದೂ, ಮಹಾಸಭೆ ಮತ್ತು ರಾತ್ರಿ ಪಾಳಿಯ ವಿಷಯದಲ್ಲಿ ನಿಮಗೆ ಅತೃಪ್ತಿಯಿದೆಯೆಂದೂ, ಆ ಕಾರಣಕ್ಕೆ ಸ್ಪರ್ಧಿಸುತ್ತಿದ್ದೀರೆಂದೂ ನೇರವಾಗಿ ಹೇಳಿ. ಅವರು ಸಿಟ್ಟಾಗಬಹುದು, ಕೆಲವು ದಿನ ಮಾತು ಬಿಡಬಹುದು, ಅದನ್ನು ತಾಳಿಕೊಳ್ಳಿ. ಇನ್ನೊಂದು ಸಾಧ್ಯತೆಯೂ ಇದೆ: ಆರೋಗ್ಯದ ಕಾರಣಕ್ಕೋ ಮನೆಯ ಕಾರಣಕ್ಕೋ ಬಳಲಿರುವ ಅವರು, ಹೊಣೆ ಹೊರುವವರು ಯಾರಾದರೂ ಬರಲಿ ಎಂದು ಕಾಯುತ್ತಿರಬಹುದು. ಕೇಳದೆ ಇದು ತಿಳಿಯುವುದಿಲ್ಲ.

ಲೆಕ್ಕಪತ್ರದ ವಿಷಯದಲ್ಲಿ ನೀವು ಬಹಳ ಎಚ್ಚರದಿಂದಿರಬೇಕು. ಲೆಕ್ಕ ಮಂಡಿಸದಿರುವುದು ತಪ್ಪು, ಅದನ್ನು ಬಹಿರಂಗವಾಗಿ ಕೇಳುವ ಹಕ್ಕು ಚಂದಾ ಕಟ್ಟುವ ಪ್ರತಿಯೊಬ್ಬ ಸದಸ್ಯರಿಗೂ ಇರಬೇಕು. ಆದರೆ ಲೆಕ್ಕ ಮಂಡಿಸದಿರುವುದು ಒಂದು ಮಾತು, ಹಣ ದುರುಪಯೋಗವಾಗಿದೆ ಎಂಬುದು ಸಂಪೂರ್ಣ ಬೇರೆಯ ಮಾತು. ಪ್ರಚಾರ ಬಿರುಸಾದಂತೆ ನಿಮ್ಮ ಬೆಂಬಲಿಗರಲ್ಲೇ ಯಾರೋ ಒಬ್ಬರು ಕ್ಯಾಂಟೀನಿನಲ್ಲಿ ಮೊದಲನೆಯ ಮಾತಿನಿಂದ ಎರಡನೆಯದಕ್ಕೆ ಜಾರುತ್ತಾರೆ. ಆಗ ನೀವು ಸುಮ್ಮನಿದ್ದರೆ ಆ ಅಪವಾದ ನಿಮ್ಮದೇ ಆಗುತ್ತದೆ. ಸುಳ್ಳು ಆರೋಪದ ನೋವು ಏನೆಂದು ನಿಮಗೆ ಗೊತ್ತಿದೆ. ಅದರಿಂದ ನಿಮ್ಮನ್ನು ಪಾರುಮಾಡಿದವರ ಮೇಲೆಯೇ ಪುರಾವೆಯಿಲ್ಲದ ಆರೋಪ ಬರಲು ಬಿಟ್ಟರೆ, ನೀವು ಹೆದರುತ್ತಿರುವ ದ್ರೋಹ ನಡೆಯುವುದು ಅಲ್ಲಿಯೇ. ‘ನಾನು ಆಯ್ಕೆಯಾದರೆ ಇಂತಿಷ್ಟು ತಿಂಗಳೊಳಗೆ ಲೆಕ್ಕ ಪರಿಶೋಧನೆ ಮಾಡಿಸಿ ಮಹಾಸಭೆಯ ಮುಂದಿಡುತ್ತೇನೆ’ ಎಂಬ ಒಂದೇ ವಾಕ್ಯ ನಿಮಗೆ ಸಾಕು.

ಇನ್ನು ಗಟ್ಟಿ ಧ್ವನಿಯ ಮಾತು. ಗೇಟಿನ ಮುಂದೆ ಭಾಷಣ ಮಾಡುವುದು ಶಾಖಾ ಕಾರ್ಯದರ್ಶಿಯ ಕೆಲಸದಲ್ಲಿ ತೀರ ಸಣ್ಣ ಪಾಲು. ಉಳಿದದ್ದೆಲ್ಲ ಸದ್ದಿಲ್ಲದ ಕೆಲಸ: ನೋಟಿಸ್ ಪಡೆದು ನಡುಗುತ್ತಾ ಬಂದವರ ಮಾತನ್ನು ಕೊನೆಯವರೆಗೆ ಕೇಳುವುದು, ಉತ್ತರ ಬರೆಯಲು ನೆರವಾಗುವುದು, ಗಡುವು ತಪ್ಪದಂತೆ ನೋಡಿಕೊಳ್ಳುವುದು, ಸಭೆಯ ನಡಾವಳಿ ಬರೆಯುವುದು, ಒಪ್ಪಂದದ ಕರಡನ್ನು ಸಾಲುಸಾಲಾಗಿ ಓದುವುದು. ಗುಣಮಟ್ಟ ಪರೀಕ್ಷೆಯಲ್ಲಿ ಪಳಗಿದವರಿಗೆ ಈ ತಾಳ್ಮೆ ಹೊಸದೇನಲ್ಲ. ನಿಮಗೆ ನಿಜಕ್ಕೂ ಕಷ್ಟವಾಗುವುದು ಬೇರೆ ಎರಡು ಸಂದರ್ಭಗಳಲ್ಲಿ. ನಿಮಗೆ ಹಿಡಿಸದವರ ಪರವಾಗಿಯೂ, ನಿಮಗೆ ಮತ ಹಾಕದವರ ಪರವಾಗಿಯೂ ಅಷ್ಟೇ ಶ್ರದ್ಧೆಯಿಂದ ನಿಲ್ಲಬೇಕಾಗುತ್ತದೆ. ಹಾಗೆಯೇ, ಹತ್ತು ಕೇಳಿ ಆರು ದೊರೆತ ದಿನ, ಆ ಆರನ್ನು ಒಪ್ಪಿಕೊಳ್ಳುವುದು ಏಕೆ ಒಳಿತೆಂದು ನಿಮ್ಮದೇ ಸದಸ್ಯರಿಗೆ ವಿವರಿಸಿ ಅವರ ಬೈಗುಳ ಕೇಳಬೇಕಾಗುತ್ತದೆ. ಇವೆರಡಕ್ಕೆ ಸಿದ್ಧರಿದ್ದೀರಾ ಎಂದು ನಿಮ್ಮನ್ನು ನೀವೇ ಕೇಳಿಕೊಳ್ಳಿ. ಇಲ್ಲವೆನಿಸಿದರೆ ಈ ಬಾರಿ ಸಮಿತಿಯ ಸದಸ್ಯತ್ವಕ್ಕೆ ನಿಂತು ಕೆಲಸ ಕಲಿಯುವುದರಲ್ಲಿ ಯಾವ ಅವಮಾನವೂ ಇಲ್ಲ.

ನಿಮ್ಮ ಪತಿಯ ಆತಂಕವನ್ನು ಹೇಡಿತನವೆಂದು ತಳ್ಳಿಹಾಕಬೇಡಿ. ತಮ್ಮ ಪ್ರತಿನಿಧಿಗಳನ್ನು ಸಂಪೂರ್ಣ ಸ್ವಾತಂತ್ರ್ಯದಿಂದ ಆರಿಸಿಕೊಳ್ಳುವ ಹಕ್ಕು ಕಾರ್ಮಿಕರ ಸಂಘಟನೆಗಳಿಗೆ ಇದೆಯೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1948ರ 87ನೇ ಒಡಂಬಡಿಕೆ ಹೇಳುತ್ತದೆ. ಪ್ರತಿನಿಧಿಯಾದ ಕಾರಣಕ್ಕೆ ವಜಾ ಸೇರಿದಂತೆ ಯಾವ ಹಾನಿಯೂ ಆಗದಂತೆ ರಕ್ಷಣೆ ಇರಬೇಕೆಂದು 1971ರ 135ನೇ ಒಡಂಬಡಿಕೆ ಹೇಳುತ್ತದೆ. ಇವನ್ನು ಅನುಮೋದಿಸಿದ ದೇಶಗಳನ್ನು ಮಾತ್ರ ಇವು ಕಟ್ಟಿಹಾಕುತ್ತವೆ, ಆದ್ದರಿಂದ ನಿಮಗೆ ಅನ್ವಯಿಸುವ ಕಾನೂನು ಏನೆಂಬುದನ್ನು ಸಂಘದ ವಕೀಲರಿಂದ ಮೊದಲೇ ತಿಳಿದುಕೊಳ್ಳಿ. ಕಾನೂನು ಇದ್ದರೂ ಬಡ್ತಿ ತಡೆಯುವವರು ಕಾರಣವನ್ನು ಕಾಗದದ ಮೇಲೆ ಬರೆಯುವುದಿಲ್ಲ. ಪೋಲೆಂಡಿನ ಗ್ದಾನ್ಸ್ಕ್ ಹಡಗುಕಟ್ಟೆಯಲ್ಲಿ ಕ್ರೇನ್ ನಡೆಸುತ್ತಿದ್ದ ಅನ್ನಾ ವಾಲೆಂಟಿನೋವಿಚ್ ಅವರನ್ನು, ಸ್ವತಂತ್ರ ಕಾರ್ಮಿಕ ಸಂಘಕ್ಕಾಗಿ ದುಡಿದ ಕಾರಣಕ್ಕೆ, ನಿವೃತ್ತಿಗೆ ಕೆಲವೇ ತಿಂಗಳು ಉಳಿದಿರುವಾಗ 1980ರ ಆಗಸ್ಟ್‌ನಲ್ಲಿ ಕೆಲಸದಿಂದ ತೆಗೆದರು. ಅವರನ್ನು ಮರಳಿ ಸೇರಿಸಿಕೊಳ್ಳಿ ಎಂಬ ಬೇಡಿಕೆಯೊಂದಿಗೇ ಅಲ್ಲಿನ ಮುಷ್ಕರ ಆರಂಭವಾಯಿತು, ಅವರು ಮರಳಿದರು, ಅದೇ ಮುಷ್ಕರದಿಂದ ‘ಸಾಲಿಡಾರಿಟಿ’ ಸಂಘ ಹುಟ್ಟಿತು. ಅವರನ್ನು ಕಾಪಾಡಿದ್ದು ಜೊತೆಯ ಕೆಲಸಗಾರರು. ಆದುದರಿಂದ ಇಂದು ‘ನೀವೇ ನಿಲ್ಲಿ’ ಎನ್ನುತ್ತಿರುವವರನ್ನು ಒಂದೆಡೆ ಸೇರಿಸಿ, ನಾಳೆ ನನ್ನ ಮೇಲೆ ಒತ್ತಡ ಬಂದರೆ ನಿಮ್ಮಲ್ಲಿ ಯಾರು ಹೆಸರು ಹಾಕಿ ಸಹಿ ಮಾಡುತ್ತೀರಿ ಎಂದು ಕೇಳಿ. ಅವರ ಉತ್ತರವನ್ನು ಪತಿಗೂ ತಿಳಿಸಿ. ವಾರದಲ್ಲಿ ಎಷ್ಟು ಸಂಜೆಗಳು ಸಂಘಕ್ಕೆ ಹೋಗಬಹುದು, ಆಗ ಮಗುವನ್ನು ನೋಡಿಕೊಳ್ಳುವವರು ಯಾರು ಎಂಬುದನ್ನೂ ನಾಮಪತ್ರಕ್ಕೆ ಮೊದಲೇ ಇಬ್ಬರೂ ಕುಳಿತು ನಿರ್ಧರಿಸಿಕೊಳ್ಳಿ. ಬಡ್ತಿ ಈ ಹೊತ್ತಿನಲ್ಲಿ ನಿಮ್ಮ ಮನೆಗೆ ಅನಿವಾರ್ಯವಾಗಿದ್ದರೆ, ಒಂದು ಅವಧಿ ಕಾಯುವುದೂ ಗೌರವದ ನಿರ್ಧಾರವೇ.

ನಿಲ್ಲುವುದೆಂದಾದರೆ ಸಂಘದ ಬೈಲಾವನ್ನು ಪೂರ್ತಿ ಓದಿ. ನಿಮ್ಮ ಚಂದಾ ಬಾಕಿಯಿಲ್ಲವೆಂದು ಖಚಿತಪಡಿಸಿಕೊಳ್ಳಿ. ಒಳ್ಳೆಯ ಅಭ್ಯರ್ಥಿಗಳ ನಾಮಪತ್ರ ಇಂಥ ಸಣ್ಣ ಕಾರಣಕ್ಕೆ ತಿರಸ್ಕೃತವಾಗುವುದುಂಟು. ಸೂಚಕರು, ಅನುಮೋದಕರು ಇಬ್ಬರೂ ನಿಮ್ಮ ವಿಭಾಗದವರೇ ಆಗದಿರಲಿ. ರಹಸ್ಯ ಮತದಾನ ನಡೆಯುತ್ತದೆಯೇ, ಎಣಿಕೆಯ ವೇಳೆ ಎರಡೂ ಕಡೆಯವರು ಹಾಜರಿರುತ್ತಾರೆಯೇ ಎಂದು ಮೊದಲೇ ಬರವಣಿಗೆಯಲ್ಲಿ ಕೇಳಿ.

ಗೆದ್ದರೆ, ಬಾಕಿ ಉಳಿದ ಪ್ರಕರಣಗಳ ಕಡತಗಳನ್ನು ಆ ಹಿರಿಯರೊಂದಿಗೆ ಕುಳಿತೇ ವಹಿಸಿಕೊಳ್ಳಿ. ವಿಚಾರಣೆಗಳನ್ನು ಎದುರಿಸಿದ ಅವರ ಅನುಭವ ಶಾಖೆಗೆ ಇನ್ನೂ ಬೇಕು, ಅದನ್ನು ಅವರಿಗೆ ಹೇಳಿ. ಸೋತರೆ, ಫಲಿತಾಂಶ ಪ್ರಕಟವಾದ ಸಭೆಯಲ್ಲೇ ಅವರನ್ನು ಅಭಿನಂದಿಸಿ. ಅದೇ ವಾರ ರಾತ್ರಿ ಪಾಳಿಯ ಹೆಂಗಸರ ಸಹಿಗಳೊಂದಿಗೆ ವಾಹನದ ಬೇಡಿಕೆಯನ್ನು ಲಿಖಿತವಾಗಿ ಅವರ ಕೈಗೆ ಕೊಟ್ಟು, ಬೇಡಿಕೆ ಸ್ವೀಕರಿಸಿದ್ದಕ್ಕೆ ಸಹಿ ಪಡೆಯಿರಿ.