ಮನೆಯಲ್ಲಿ ಹೋಟೆಲ್ ಆಟ ಆಡುವುದಾದರೆ ಖಾನಾವಳಿಯನ್ನೇ ತೆಗೆಯಿರಿ

ನಿಮ್ಮ ಮಕ್ಕಳಿಗೆ ಐದು ಮತ್ತು ಹತ್ತು ವರ್ಷ, ವಾರವಾದರೆ ಹೋಟೆಲ್‌ಗೆ ಹೋಗೋಣ ಅಂತ ಹಟ ಮಾಡುತ್ತಾರೆ, ಒಂದು ರಾತ್ರಿ ಮನೆಯನ್ನೇ ಹೋಟೆಲ್ ಮಾಡಬೇಕು, ಆದರೆ ಹೆಂಡತಿಗೆ ಕೆಲಸ ಜಾಸ್ತಿ ಆಗಬಾರದು ಅಂತ ಕೇಳಿದ್ದೀರಿ. ಆ ಕೊನೆಯ ಮಾತು ಸೇರಿಸಿದ್ದು ನೋಡಿ ಖುಷಿಯಾಯಿತು. ಯಾಕೆಂದರೆ ಇಡೀ ಆಟ ನಿಂತಿರುವುದೇ ಅದರ ಮೇಲೆ. ದಿನಾ ಅಡುಗೆ ಮಾಡುವವರು ಅವತ್ತು ಗಿರಾಕಿ ಆಗಬೇಕು. ಮಕ್ಕಳು ಹೋಟೆಲ್ ನಡೆಸಬೇಕು. ಒಲೆ ನಿಮ್ಮದು.

ಬಹಳ ಮನೆಗಳಲ್ಲಿ ಇದು ಉಲ್ಟಾ ಆಗುತ್ತದೆ. ಮಕ್ಕಳು ಕೂತು ಗೋಬಿ ಮಂಚೂರಿ, ನೂಡಲ್ಸ್ ಅಂತ ಹೇಳುತ್ತಾರೆ. ಅಮ್ಮ ಒಳಗೆ ಒಂದಾದ ಮೇಲೆ ಒಂದು ಮಾಡುತ್ತಾಳೆ. ಮಕ್ಕಳಿಗೂ ಹತ್ತೇ ನಿಮಿಷದಲ್ಲಿ ಬೇಜಾರು. ಆರ್ಡರ್ ಹೇಳುವುದರಲ್ಲಿ ಆಟ ಏನಿದೆ? ಓಡಾಡುವುದು, ಬರೆದುಕೊಳ್ಳುವುದು, ದುಡ್ಡು ಎಣಿಸುವುದು, ಮಕ್ಕಳಿಗೆ ಬೇಕಾಗಿರುವುದು ಇವು.

ನಾನು ಕಲಬುರಗಿಯವಳು, ನಮ್ಮ ಮನೆಯಲ್ಲಿ ತೆಗೆಯುವುದು ಖಾನಾವಳಿ, ಅಂದರೆ ನಮ್ಮ ಕಡೆಯ ರೊಟ್ಟಿ ಊಟದ ಹೋಟೆಲ್. ಖಾನಾವಳಿಯಲ್ಲಿ ಪಲ್ಯ, ಬ್ಯಾಳಿ (ಬೇಳೆ ಸಾರು), ಹಿಂಡಿ (ಚಟ್ನಿ ಪುಡಿ) ಎಲ್ಲ ಮೊದಲೇ ಆಗಿರುತ್ತವೆ. ಗಿರಾಕಿ ಕೂತ ಮೇಲೆ ಉಳಿಯುವುದು ಬಡಿಸುವ ಕೆಲಸ, ಮತ್ತೆ ಮತ್ತೆ ಬಂದು ಕೇಳುವ ಕೆಲಸ. ಅದು ಮಕ್ಕಳ ಕೈಗೆ ಸರಿಯಾಗಿ ಹೊಂದುತ್ತದೆ. ನನ್ನ ಮಗಳು ಮನೆಯಲ್ಲಿ ನನ್ನನ್ನು ಹೆಂಗೆ ಬೇಕಾದರೂ ಕರೆಯುತ್ತಾಳೆ, ಆದರೆ ಖಾನಾವಳಿ ಶುರುವಾದರೆ "ಬರ್ರಿ, ಕೂಡ್ರಿ, ಇನ್ನೊಂದ್ ರೊಟ್ಟಿ ಹಾಕ್ಲೇನ್ರಿ?" ಅನ್ನುತ್ತಾಳೆ. ಆ ಮಾತು ಕೇಳುವುದಕ್ಕೇ ಇನ್ನೊಂದು ರೊಟ್ಟಿ ಹಾಕಿಸಿಕೊಳ್ಳಬೇಕು ಅನಿಸುತ್ತದೆ.

ರೊಟ್ಟಿ ಅಂದರೆ ಕಡಕ್ ರೊಟ್ಟಿ, ಒಣಗಿಸಿದ ಗರಿಗರಿ ಜೋಳದ ರೊಟ್ಟಿ. ಬಿಸಿ ರೊಟ್ಟಿ ಬೇಡ. ಬಿಸಿ ರೊಟ್ಟಿ ಅಂದ ಕೂಡಲೇ ಒಬ್ಬರು ಹಂಚಿನ ಮುಂದೆ ಸಿಕ್ಕಿಹಾಕಿಕೊಳ್ಳುತ್ತಾರೆ, ಆ ಒಬ್ಬರು ಯಾರು ಅಂತ ನಿಮಗೂ ಗೊತ್ತು. ಕಡಕ್ ರೊಟ್ಟಿ ವಾರಗಟ್ಟಲೆ ಇರುತ್ತದೆ. ಮನೆಯಲ್ಲಿ ಇಲ್ಲದಿದ್ದರೆ ನಮ್ಮ ಊರುಗಳಲ್ಲಿ ಪ್ಯಾಕೆಟ್‌ನಲ್ಲೂ ಸಿಗುತ್ತದೆ. ಶೇಂಗಾ ಹಿಂಡಿ, ಅಗಸಿ ಹಿಂಡಿ, ಉಪ್ಪಿನಕಾಯಿ ಡಬ್ಬಿಯಲ್ಲಿ ಇರುವಂಥವೇ. ಪುಂಡಿ ಪಲ್ಯ (ಗೋಂಗುರ ಸೊಪ್ಪಿನದು) ಮಧ್ಯಾಹ್ನವೇ ಮಾಡಿಡಬಹುದು, ಇಟ್ಟಷ್ಟೂ ರುಚಿ. ಸಂಜೆಗೆ ನೀವು ಮಾಡುವುದು ಬ್ಯಾಳಿ ಒಂದೇ.

ಪಚಡಿ ಪೂರ್ತಿ ಮಕ್ಕಳಿಗೆ ಬಿಡಿ. ಐದು ವರ್ಷದವನು ಮೆಂತ್ಯ ಸೊಪ್ಪು ಬಿಡಿಸಬಲ್ಲ. ಹತ್ತು ವರ್ಷದವಳು ನಿಮ್ಮ ಕಣ್ಣೆದುರು ಸವತೆಕಾಯಿ, ಉಳ್ಳಾಗಡ್ಡಿ ಹೆಚ್ಚಿ, ಉಪ್ಪು, ಶೇಂಗಾ ಪುಡಿ ಕಲಸಬಲ್ಲಳು. (ಯಾರು ಹುಡುಗ, ಯಾರು ಹುಡುಗಿ ಅಂತ ನೀವು ಬರೆದಿಲ್ಲ, ನಾನೇ ಅಂದುಕೊಂಡೆ.) ಜೋಳದ ರೊಟ್ಟಿ ಮುಟ್ಟದ ಮಕ್ಕಳಾದರೆ ಸುಸಲಾ, ಅಂದರೆ ಮಂಡಕ್ಕಿ ಒಗ್ಗರಣೆ, ಇಡಿ. ಚುರುಮುರಿ ನೀರಿನಲ್ಲಿ ಅದ್ದಿ ಹಿಂಡುವುದು, ಪುಟಾಣಿ (ಹುರಿಗಡಲೆ) ಕುಟ್ಟುವುದು ಅವರಿಗೆ ಭಾರಿ ಖುಷಿ. ಒಗ್ಗರಣೆ ಮಾತ್ರ ನೀವು ಹಾಕಿ. ಬಿಸಿ ಬ್ಯಾಳಿ ಪಾತ್ರೆಯನ್ನೂ ಮಕ್ಕಳ ಕೈಗೆ ಕೊಡಬೇಡಿ. ಚಿಕ್ಕವನಿಗೆ ನೀರು, ಉಪ್ಪು, ಹಿಂಡಿ. ದೊಡ್ಡವಳಿಗೆ ರೊಟ್ಟಿ, ಪಚಡಿ, ಗಲ್ಲಾ.

ಮೆನು ಕಾರ್ಡ್ ಹಿಂದಿನ ದಿನವೇ ಬರೆಸಿ, ಕನ್ನಡದಲ್ಲಿ. ಆರೇಳು ಹೆಸರು ಸಾಕು. ಪ್ರತಿ ಹೆಸರಿನ ಕೆಳಗೆ ಒಂದು ಸಾಲು ಇದ್ದರೆ ಚೆಂದ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಇದು ಈ ಊರಿನದೇ ವಿಶೇಷ ಅನ್ನುವ ಸರ್ಕಾರಿ ಗುರುತು, ಸಿಕ್ಕಿದೆ. ಇದನ್ನು ಹೇಳಿದ್ದೇ ತಡ, ನಮ್ಮ ಮನೆಯ ಕಾರ್ಡ್‌ನಲ್ಲಿ ಬ್ಯಾಳಿ ಎಲ್ಲಕ್ಕಿಂತ ಮೇಲೆ ಹೋಗಿ ಕೂತಿತು, ಸುತ್ತ ಹೂವಿನ ಚಿತ್ರ ಬೇರೆ. ದಿನಾ ತಟ್ಟೆಯಲ್ಲಿ ಬಿಡುತ್ತಿದ್ದ ಬ್ಯಾಳಿಯನ್ನು ಅವತ್ತಿನಿಂದ ಮಗಳು ಬೇರೆ ಕಣ್ಣಿನಿಂದ ನೋಡುತ್ತಾಳೆ.

ಬಿಲ್ಲಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ದೊಡ್ಡ ಮಗು ಕೊನೆಯವರೆಗೂ ನಿಲ್ಲುವುದು ಇದಕ್ಕಾಗಿ. ಖಾನಾವಳಿ ಲೆಕ್ಕವನ್ನೇ ಇಡಿ. ಊಟಕ್ಕೆ ಒಂದು ರೇಟು, ರೊಟ್ಟಿ ಎಷ್ಟಾದರೂ ತಿನ್ನಿ. ಮೊಸರು, ಹಪ್ಪಳ, ಸಿಹಿಗೆ ಬೇರೆ ದುಡ್ಡು. ಊಟ 60, ಮೊಸರು 10, ಹಪ್ಪಳ 5 ಅಂತ ಇಟ್ಟರೆ ಹತ್ತು ವರ್ಷದವರು ಕಾಗದದ ಮೇಲೆ ಆರಾಮಾಗಿ ಕೂಡಿಸುತ್ತಾರೆ. ನಿಜವಾದ ಚಿಲ್ಲರೆ ಕೊಡಿ. ಕಾಗದದ ನೋಟಿಗೆ ಆ ಗಾಂಭೀರ್ಯ ಬರುವುದಿಲ್ಲ. ನೂರರ ನೋಟು ಕೊಟ್ಟು ಚಿಲ್ಲರೆ ವಾಪಸ್ ಕೇಳಿ, ಅವಸರ ಮಾಡಬೇಡಿ, ಎಣಿಸಲಿ. ಇದು ಸಲೀಸಾದ ಮೇಲೆ ಜಿಎಸ್‌ಟಿ ಹಾಕಿಸಿ. ಸಾಮಾನ್ಯ ಹೋಟೆಲ್ ಊಟಕ್ಕೆ 5 ಪರ್ಸೆಂಟ್, ಬಿಲ್ಲಿನಲ್ಲಿ ಎರಡೂವರೆ ಕೇಂದ್ರಕ್ಕೆ, ಎರಡೂವರೆ ರಾಜ್ಯಕ್ಕೆ ಅಂತ ಎರಡು ಸಾಲಾಗಿ ಬರುತ್ತದೆ. ಮನೆಯಲ್ಲಿರುವ ಯಾವುದಾದರೂ ಹಳೆ ಹೋಟೆಲ್ ಬಿಲ್ ತೋರಿಸಿ, ತಾವೇ ಹುಡುಕುತ್ತಾರೆ. ಶಾಲೆಯಲ್ಲಿ ಶೇಕಡಾ ಅಂದರೆ ಮುಖ ತಿರುಗಿಸುವ ಮಗು ಇಲ್ಲಿ 200ಕ್ಕೆ ಹತ್ತು ರೂಪಾಯಿ ಅಂತ ಸರಕ್ಕನೆ ಹೇಳಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಜಾಗ ನಿಮ್ಮಿಷ್ಟ. ಏಪ್ರಿಲ್, ಮೇ ತಿಂಗಳಾದರೆ ಮಾಳಿಗೆಯೇ (ತಾರಸಿ) ವಾಸಿ. ನಮ್ಮ ಬಿಸಿಲಿಗೆ ರಾತ್ರಿಯೂ ಗೋಡೆ ಕಾದಿರುತ್ತದೆ. ಸಂಜೆ ಎರಡು ಕೊಡ ನೀರು ಚೆಲ್ಲಿ, ಆರಿದ ಮೇಲೆ ಚಾಪೆ ಹಾಸಿ. ಪಾತ್ರೆ ಮೆಟ್ಟಿಲ ಮೇಲೆ ಹೊರುವುದು ದೊಡ್ಡವರ ಕೆಲಸ.

ಒಂದು ವಿಷಯ ಮರೆಯಬೇಡಿ. ಮನೆಯಲ್ಲಿ ಅಜ್ಜಿ ಇದ್ದರೆ ಅವರನ್ನೇ ಮೊದಲ ಗಿರಾಕಿ ಮಾಡಿ. ಎಲ್ಲರದೂ ಆದ ಮೇಲೆ ಉಳಿದದ್ದನ್ನು ಉಣ್ಣುವುದೇ ಅವರಿಗೆ ರೂಢಿ. ಮೊದಮೊದಲು "ನಂಗ್ಯಾಕಪ್ಪ" ಅನ್ನುತ್ತಾರೆ. ಮೊಮ್ಮಕ್ಕಳು ಮೆನು ಹಿಡಿದು ಎದುರು ನಿಂತರೆ ಕೂಡುತ್ತಾರೆ. ನಮ್ಮ ಅತ್ತೆಯವರು ಈಗ ಉಪ್ಪು ಕಮ್ಮಿ, ಖಾರ ಕಮ್ಮಿ ಅಂತ ಗಿರಾಕಿಯ ಹಾಗೆಯೇ ಗದರುತ್ತಾರೆ, ಮಕ್ಕಳು ಓಡಿ ಹೋಗಿ ತರುತ್ತಾರೆ.

ನಡೆಸುವವರಿಗೂ ಹಸಿವಾಗುತ್ತದಲ್ವಾ? ಹಾಗಾಗಿ ಶುರು ಮಾಡುವ ಮುಂಚೆ ಚಿಕ್ಕವನಿಗೆ ಒಂದು ಬಾಳೆಹಣ್ಣು ಕೊಡಿ. ಗಿರಾಕಿಗಳ ಊಟ ಮುಗಿದ ಕೂಡಲೇ ಅದೇ ಚಾಪೆ ಮೇಲೆ ಮಕ್ಕಳನ್ನು ಕೂಡಿಸಿ, ಆಗ ನೀವು ಬಡಿಸಿ. ತೊಳೆಯುವ ಕೆಲಸ ಹೆಂಡತಿ ಪಾಲಿಗೆ ಬೀಳದ ಹಾಗೆ ಪತ್ರಾವಳಿ ತಂದಿಡಿ. ಉಳಿದ ಎರಡು ಮೂರು ಪಾತ್ರೆ ನೀವು ತೊಳೆದುಬಿಡಿ. ಶನಿವಾರ ರಾತ್ರಿ ಇಟ್ಟುಕೊಂಡರೆ ಮಾರನೇ ದಿನ ಶಾಲೆಯ ಚಿಂತೆಯೂ ಇರುವುದಿಲ್ಲ.