ಹೃದ್ರೋಗ ತಜ್ಞರಿಗೆ ಹೇಳದೆ ಮುಚ್ಚಿಟ್ಟ ಮಾತ್ರೆ

ಆಪ್ತಸಲಹೆಗೆ ಬಂದವರು ಮಧ್ಯವಯಸ್ಸು ದಾಟಿದ ಗೃಹಸ್ಥರು. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಮನೆಯಲ್ಲಿ ಮಾತುಕತೆ ಕಡಿಮೆಯಾಗಿದೆ ಎಂಬುದು ಅವರು ಮೊದಲು ಹೇಳಿದ ಕಾರಣ. ನಿಜವಾದ ಸಂಗತಿ ತಡವರಿಸುತ್ತಾ ಹೊರಬಂದಿತು: ವರ್ಷಗಳಿಂದ ನಿಮಿರುವಿಕೆಯ ತೊಂದರೆ, ಸ್ನೇಹಿತರು ಕೈಗಿತ್ತ ಸಿಲ್ಡೆನಾಫಿಲ್ ಮಾತ್ರೆ, ಅದನ್ನು ನುಂಗಿದ ರಾತ್ರಿ ಕಣ್ಣು ಕತ್ತಲೆಗಟ್ಟಿ ಕುಸಿದು ಕುಳಿತದ್ದು.

ಬೇರೆ ಯಾವ ಔಷಧಗಳಿವೆ ಎಂದು ಕೇಳಿದೆ. ಎದೆನೋವಿಗೆ ದಿನವೂ ಐಸೊಸಾರ್ಬೈಡ್. ನೋವು ಬಂದರೆ ನಾಲಿಗೆಯಡಿ ಇಟ್ಟುಕೊಳ್ಳಲು ಜೇಬಿನಲ್ಲಿ ಇನ್ನೊಂದು ಮಾತ್ರೆ. ಬಳಿಕ ಅವರೇ ಕೇಳಿದರು: “ಮುಂದಿನ ಸಲ ಆ ದಿನದ ಮಟ್ಟಿಗೆ ಹೃದಯದ ಮಾತ್ರೆ ಬಿಟ್ಟರೆ ಸಾಕಲ್ಲವೇ?”

ದಾಂಪತ್ಯದ ವಿಚಾರವನ್ನು ಅಲ್ಲಿಗೇ ನಿಲ್ಲಿಸಿದೆ. ಐಸೊಸಾರ್ಬೈಡ್ ನೈಟ್ರೇಟ್ ಗುಂಪಿನ ಔಷಧ. ಅದು ದೇಹದಲ್ಲಿ ನೈಟ್ರಿಕ್ ಆಕ್ಸೈಡ್ ಒದಗಿಸಿ ರಕ್ತನಾಳಗಳನ್ನು ಸಡಿಲಿಸುತ್ತದೆ. ಹಾಗೆ ಸಡಿಲಿಸುವ ರಾಸಾಯನಿಕ ಸಂದೇಶ ಬೇಗ ಅಳಿಯದಂತೆ ಸಿಲ್ಡೆನಾಫಿಲ್ ತಡೆಯುತ್ತದೆ. ಎರಡೂ ಸೇರಿದರೆ ರಕ್ತದೊತ್ತಡ ಪ್ರಾಣಾಪಾಯದ ಮಟ್ಟಕ್ಕೆ ಇಳಿಯಬಹುದು. ದಿನವೂ ನೈಟ್ರೇಟ್ ಸೇವಿಸುವವರಿಗೆ ಸಿಲ್ಡೆನಾಫಿಲ್, ಅದೇ ಗುಂಪಿನ ಟಡಾಲಫಿಲ್ ಎರಡೂ ನಿಷಿದ್ಧ. ತಾವಾಗಿಯೇ ನೈಟ್ರೇಟ್ ನಿಲ್ಲಿಸಿದರೆ ಎದೆನೋವು ಉಲ್ಬಣಿಸಬಹುದು. ಆದ್ದರಿಂದ ಅವರ ಉಪಾಯದಲ್ಲಿ ಎರಡು ಕಡೆಯಿಂದಲೂ ಅಪಾಯವಿತ್ತು.

ಅವರಿಗೆ ಬರೆದುಕೊಟ್ಟದ್ದು ಇಷ್ಟು: ಸ್ನೇಹಿತರ ಮಾತ್ರೆ ಇನ್ನು ಬೇಡ. ಹೃದಯದ ಔಷಧವನ್ನು ಒಂದು ದಿನವೂ ಬಿಡಬೇಡಿ. ಕಣ್ಣು ಕತ್ತಲೆಗಟ್ಟಿದ ಸಂಗತಿಯನ್ನು ಈ ವಾರವೇ ಹೃದ್ರೋಗ ತಜ್ಞರಿಗೆ ತಿಳಿಸಿ. ಇಂಥ ಮಾತ್ರೆ ನುಂಗಿದ ಯಾರಿಗೇ ಆಗಲಿ ಎದೆನೋವು ಬಂದರೆ ನಾಲಿಗೆಯಡಿಯ ನೈಟ್ರೇಟ್ ಇಟ್ಟುಕೊಳ್ಳದೆ ತಕ್ಷಣ ತುರ್ತು ಚಿಕಿತ್ಸೆಗೆ ಹೋಗಬೇಕು; ಮಾತ್ರೆಯ ಹೆಸರನ್ನೂ ನುಂಗಿದ ಹೊತ್ತನ್ನೂ ಅಲ್ಲಿ ಮೊದಲು ಹೇಳಬೇಕು. ಸಿಲ್ಡೆನಾಫಿಲ್ ಆದರೆ ಕನಿಷ್ಠ 24 ಗಂಟೆ, ಟಡಾಲಫಿಲ್ ಆದರೆ 48 ಗಂಟೆ ನೈಟ್ರೇಟ್ ಕೊಡುವಂತಿಲ್ಲ. ನಾಚಿಕೆಯಿಂದ ಬಾಯಿ ಮುಚ್ಚಿಕೊಂಡರೆ, ಜೀವ ಉಳಿಸಲು ಕೊಟ್ಟ ಔಷಧವೇ ಜೀವಕ್ಕೆ ಎರವಾಗಬಹುದು.

ಇನ್ನೊಂದು ವಿಷಯ ನನ್ನನ್ನು ಹೆಚ್ಚು ಕಾಡಿತು. ಅವರ ಈ ತೊಂದರೆ ಎದೆನೋವಿಗಿಂತ ಮೊದಲೇ ಶುರುವಾಗಿತ್ತು. ಶಿಶ್ನದ ರಕ್ತನಾಳಗಳು ಹೃದಯದ ರಕ್ತನಾಳಗಳಿಗಿಂತ ಕಿರಿದು. ನಾಳಗಳ ಒಳಗೋಡೆ ಕೆಡತೊಡಗಿದರೆ ಅನೇಕರಲ್ಲಿ ಮೊದಲು ಗೊತ್ತಾಗುವುದು ಅಲ್ಲಿಯೇ, ಎದೆನೋವಿಗೆ ಎರಡು, ಮೂರು ವರ್ಷ ಮುಂಚೆ. ಆಗಲೇ ಸಕ್ಕರೆ, ಕೊಲೆಸ್ಟರಾಲ್, ರಕ್ತದೊತ್ತಡ ನೋಡಿಸಿದ್ದರೆ ಹೃದಯದ ತೊಂದರೆ ಬೇಗನೆ ತಿಳಿಯುವ ಸಾಧ್ಯತೆಯಿತ್ತು. ಅವರು ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಇದನ್ನು ಕೇಳುವ ಹೊಣೆ ವೈದ್ಯರದೂ ಹೌದು ಎಂದು ನಾನು ಬಲವಾಗಿ ನಂಬುತ್ತೇನೆ.

ಮುಂದಿನ ಭೇಟಿಗೆ ಪತ್ನಿಯೂ ಬಂದರು. ತನ್ನ ಮೇಲೆ ಒಲವು ಕಡಿಮೆಯಾಗಿದೆ ಎಂದೇ ಅವರು ಭಾವಿಸಿದ್ದರು. ಕೂಡಿದರೆ ಗಂಡನ ಹೃದಯ ನಿಂತೀತು ಎಂಬ ಭಯ ಬೇರೆ. ಸ್ಥಿರವಾಗಿರುವ ಹೃದ್ರೋಗಿಗೆ ಅದರ ಶ್ರಮ ಸುಮಾರು ಎರಡು ಮಹಡಿ ಮೆಟ್ಟಿಲು ಹತ್ತಿದಷ್ಟು. ಅಷ್ಟು ಹತ್ತಿದಾಗ ಎದೆನೋವು, ಉಬ್ಬಸ ಇಲ್ಲದಿದ್ದರೆ ಸಾಮಾನ್ಯವಾಗಿ ಹೆದರಬೇಕಿಲ್ಲ, ಆದರೂ ನಿಮ್ಮ ವಿಷಯದಲ್ಲಿ ತೀರ್ಮಾನ ತಜ್ಞರದೇ ಎಂದು ವಿವರಿಸಿದೆ. ಸಂಭೋಗಕ್ಕೆ ಕೊನೆಗೊಳ್ಳದ ಸಾಮೀಪ್ಯಕ್ಕೂ ಸಮಯ ಕೊಡಿ ಎಂದೆ. ಅವರಿಬ್ಬರೂ ಈ ಬಗ್ಗೆ ಒಟ್ಟಿಗೆ ಮಾತನಾಡಿದ್ದು ಅದೇ ಮೊದಲು.

ಚೀಟಿಯನ್ನು ಅವರು ತಜ್ಞರ ಮುಂದೆ ಓದಿದರು. ಪರೀಕ್ಷೆಯಲ್ಲಿ ಸಕ್ಕರೆ ಕಾಯಿಲೆಯೂ ಕಂಡುಬಂದು ಚಿಕಿತ್ಸೆ ಆರಂಭವಾಗಿದೆ. ಧೂಮಪಾನ ಬಿಡುವ ಪ್ರಯತ್ನ ನಡೆದಿದೆ. ನೈಟ್ರೇಟ್ ಬದಲು ಬೇರೆ ಔಷಧ ಹೊಂದುವುದೇ ಎಂಬುದನ್ನು ಹೃದಯದ ಒತ್ತಡ ಪರೀಕ್ಷೆಯ (ಸ್ಟ್ರೆಸ್ ಟೆಸ್ಟ್) ಬಳಿಕ ತಜ್ಞರು ಹೇಳುತ್ತಾರೆ. ಹೊಂದದಿದ್ದರೆ, ಗಾಳಿ ಹೀರಿ ಶಿಶ್ನಕ್ಕೆ ರಕ್ತ ತುಂಬಿಸುವ ನಿರ್ವಾತ ಸಾಧನದಂಥ, ನೈಟ್ರೇಟ್‌ಗೆ ಅಡ್ಡಿಯಾಗದ ದಾರಿಗಳಿವೆ. ಸ್ನೇಹಿತರಿಗೂ ನಡೆದದ್ದನ್ನು ತಿಳಿಸುವಂತೆ ಕೇಳಿಕೊಂಡಿದ್ದೇನೆ, ಅವರು ಅದೇ ಮಾತ್ರೆಯನ್ನು ಇನ್ನೂ ಯಾರಿಗಾದರೂ ಕೊಟ್ಟಿರಬಹುದು.