ಬೀರುವಿನೊಳಗಿನ ರೇಷ್ಮೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಅಜ್ಜಿಯ ಧಾರೆಯ ಕಂಚಿ ಸೀರೆಯನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, ನುಸಿಗುಳಿಗೆಯ ಜೊತೆ ಕಬ್ಬಿಣದ ಬೀರುವಿನಲ್ಲಿಟ್ಟಿದ್ದೆವು. ಮಳೆಗಾಲ ಕಳೆದು ತೆಗೆದರೆ ಒಡಲ ತುಂಬ ಬಿಳಿ ಚುಕ್ಕೆ, ಜರಿ ಕಪ್ಪು. ಮನೆಯಲ್ಲೇ ಒಗೆಯಬಹುದೇ? – ಓದುಗರು, ಮೂಡಿಗೆರೆ

ಉತ್ತರ: ನೀರು ಮುಟ್ಟಿಸಬೇಡಿ. ಆ ಚುಕ್ಕೆ ಬೂಷ್ಟು, ಅದಕ್ಕೆ ಬೇಕಾದದ್ದೇ ತೇವ. ರೇಷ್ಮೆ ತನ್ನ ತೂಕದ ಮೂರನೇ ಒಂದು ಭಾಗದಷ್ಟು ತೇವ ಹೀರಿಕೊಂಡರೂ ಕೈಗೆ ಒದ್ದೆ ಎನಿಸುವುದಿಲ್ಲ. ಪ್ಲಾಸ್ಟಿಕ್ ಕವರು ಆ ತೇವವನ್ನು ಹೊರಗೆ ಬಿಡುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವ ನಿಮ್ಮ ಕಡೆ ಕವರು ರಕ್ಷಣೆಯಲ್ಲ, ಶತ್ರು.

ಮಳೆ ಬಿಟ್ಟ ದಿನ ಗಾಳಿಯಾಡುವ ಜಗಲಿಯ ನೆರಳಿನಲ್ಲಿ ಹಳೆಯ ಬಿಳಿ ಪಂಚೆ ಹಾಸಿ, ಅದರ ಮೇಲೆ ಸೀರೆಯನ್ನು ಪೂರ್ತಿ ಬಿಚ್ಚಿ ನಾಲ್ಕೈದು ಗಂಟೆ ಹರಡಿ. ಬಿಸಿಲು ಬೇಡ, ಬಣ್ಣ ಮಾಸುವುದಲ್ಲದೆ ಎಳೆಯೂ ಪೆಡಸಾಗುತ್ತದೆ. ಬೂಷ್ಟು ಒಣಗಿ ಪುಡಿಪುಡಿಯಾದ ಮೇಲೆ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಮನೆಯ ಹೊರಗೆ, ಮೆತ್ತನೆಯ ಬ್ರಷ್‌ನಿಂದ ಎಳೆಯ ಉದ್ದಕ್ಕೆ ಹಗುರವಾಗಿ ಕೊಡವಿ. ಹಸಿಯಿದ್ದಾಗ ಉಜ್ಜಿದರೆ ಅದು ನೂಲಿನ ಒಳಕ್ಕೆ ಇಳಿಯುತ್ತದೆ. ಆಮೇಲೆ ಡ್ರೈವಾಶ್‌ಗೆ ಕೊಡಿ. ಕೊಡುವಾಗ ಇದು ಬೂಷ್ಟು ಎಂದು ಬಾಯಿಬಿಟ್ಟು ಹೇಳಿ, ಕಲೆಗಳನ್ನು ತೋರಿಸಿ. ಕಂದು ಗುರುತು ಉಳಿದರೆ ಉಳಿಯಲಿ. ಕ್ಲೋರಿನ್ ಬ್ಲೀಚ್ ಮಾತ್ರ ಬೇಡ, ಅದು ರೇಷ್ಮೆಯನ್ನೇ ಕರಗಿಸುತ್ತದೆ.

ಜರಿಯ ವಿಷಯ ಬೇರೆ. ಅಸಲಿ ಜರಿ ಎಂದರೆ ರೇಷ್ಮೆ ನೂಲಿಗೆ ಚಪ್ಪಟೆ ಬೆಳ್ಳಿ ಎಳೆ ಸುತ್ತಿ, ಮೇಲೆ ಚಿನ್ನದ ತೆಳು ಲೇಪ ಕೊಟ್ಟದ್ದು. ಗಾಳಿಯಲ್ಲಿರುವ ಗಂಧಕ ತಾಗಿ ಬೆಳ್ಳಿ ಕಪ್ಪಾಗುತ್ತದೆ. ನಿಂಬೆಹುಳಿ, ಟೂತ್‌ಪೇಸ್ಟ್, ಬೆಳ್ಳಿ ಪಾಲಿಶ್ ಹಾಕಿ ತಿಕ್ಕಿದರೆ ಹೊಳಪು ಬರುತ್ತದೆ ನಿಜ, ಆದರೆ ಜೊತೆಗೆ ಚಿನ್ನದ ಲೇಪವೂ ಎದ್ದುಹೋಗಿ ಮುಂದೆ ಇನ್ನೂ ಬೇಗ ಕಪ್ಪಾಗುತ್ತದೆ. ಒಣ ಮಲ್‌ಮಲ್ ಬಟ್ಟೆಯಲ್ಲಿ ಒರೆಸಿ ಬಂದಷ್ಟಕ್ಕೆ ಬಿಡಿ.

ಮತ್ತೆ ಇಡುವಾಗ ಒಂದು ಸೀರೆಗೆ ಒಂದು ಹತ್ತಿ ಬಟ್ಟೆ, ಅದೂ ಗಂಜಿ ಹಾಕದ್ದು. ಗಂಜಿಯ ವಾಸನೆಗೆ ಬೆಳ್ಳಿಮೀನು ಹುಳ ಬರುತ್ತದೆ. ಬೀರು ಗೋಡೆಯಿಂದ ನಾಲ್ಕು ಇಂಚು ಈಚೆಗಿರಲಿ, ಸೀರೆ ಕೆಳಗಿನ ತಟ್ಟೆಯಲ್ಲಿ ಬೇಡ. ರಬ್ಬರ್ ಬ್ಯಾಂಡ್ ಹಾಕಬೇಡಿ, ಅದರಲ್ಲೂ ಗಂಧಕವಿದೆ. ನುಸಿಗುಳಿಗೆ ಹುಳಕ್ಕೆ ಮದ್ದೇ ಹೊರತು ಬೂಷ್ಟಿಗಲ್ಲ. ಅದು ಸೀರೆಗೆ ತಾಗಲೂಬಾರದು. ಅದರ ಬದಲು ಬಜೆ ಬೇರನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಮೂಲೆಯಲ್ಲಿಡಬಹುದು. ತೇವ ಎಳೆಯಲು ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ಆಗಾಗ ಒಣಗಿಸಿಕೊಳ್ಳಿ ಅಥವಾ ಬದಲಿಸಿ.

ಪ್ರಶ್ನೆ: ನಮ್ಮಲ್ಲಿ ತೇವದ ಕಾಟವಿಲ್ಲ. ಆದರೂ ಹಳೆಯ ರೇಷ್ಮೆ ಸೀರೆ ಮಡಿಸಿದ ಗೆರೆಯಲ್ಲೇ ಸೀಳುತ್ತಿದೆ. ರಫು ಮಾಡಿಸಬಹುದೇ? – ಓದುಗರು, ಅರಸೀಕೆರೆ

ಉತ್ತರ: ಒಂದೇ ಗೆರೆಯಲ್ಲಿ ವರ್ಷಗಟ್ಟಲೆ ಮಡಿಸಿಟ್ಟರೆ ಎಳೆ ಅಲ್ಲೇ ಮುರಿಯುತ್ತದೆ. ಮಡಿಕೆಯ ಮೇಲೆ ಇಸ್ತ್ರಿ ಒತ್ತುವ ಅಭ್ಯಾಸವಿದ್ದರೆ ಇನ್ನೂ ಬೇಗ. ಸಣ್ಣ ತೂತಿಗೆ ರಫು ಸರಿ. ಉದ್ದದ ಸೀಳಿಗೆ ರಫು ಹಾಕಿದರೆ ಹೊಲಿಗೆಯ ಪಕ್ಕದಲ್ಲೇ ಹೊಸ ಸೀಳು ಹುಟ್ಟುತ್ತದೆ, ಏಕೆಂದರೆ ಸುತ್ತಲಿನ ನೂಲಿಗೂ ಶಕ್ತಿಯಿಲ್ಲ. ಹಿಂಬದಿಗೆ ಅದೇ ಬಣ್ಣದ ತೆಳು ರೇಷ್ಮೆಯ ಅಸ್ತರ ಕೊಟ್ಟು, ಗಟ್ಟಿಯಿರುವ ಜಾಗದಲ್ಲಿ ಮಾತ್ರ ದೂರದೂರ ಟಾಕು ಹಾಕಿಸಿ. ಇಸ್ತ್ರಿಯಿಂದ ಅಂಟಿಸುವ ಕ್ಯಾನ್ವಾಸ್ ಬೇಡ, ಅಂಟು ಒಣಗಿ ಬಿರುಕು ಬಿಡುತ್ತದೆ. ಉಳಿದ ಸೀರೆಗಳನ್ನು ಮೂರು ತಿಂಗಳಿಗೊಮ್ಮೆ ಬಿಚ್ಚಿ, ಗೆರೆ ಬದಲಿಸಿ ಮಡಿಸಿ.

ಪ್ರಶ್ನೆ: ಅಂಗಡಿಯವರು ಸಿಲ್ಕ್ ಮಾರ್ಕ್ ತೋರಿಸಿ "ಕೈಮಗ್ಗದ್ದು" ಎನ್ನುತ್ತಾರೆ. ನಂಬಬಹುದೇ? ಮೈಸೂರು ಸಿಲ್ಕ್ ಕೂಡ ಕೈಮಗ್ಗದ್ದೇ? – ಓದುಗರು, ಹಾಸನ

ಉತ್ತರ: ಸಿಲ್ಕ್ ಮಾರ್ಕ್ ಹೇಳುವುದು ನೂಲು ಶುದ್ಧ ರೇಷ್ಮೆ ಎಂದಷ್ಟೇ. ಯಾವ ಮಗ್ಗ, ಯಾವ ಜರಿ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. ಕೈಮಗ್ಗಕ್ಕೆ ಹ್ಯಾಂಡ್‌ಲೂಮ್ ಮಾರ್ಕ್ ಬೇರೆಯೇ ಇದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ ಶುರುವಾದ ಕಾರ್ಖಾನೆಯ ಮೈಸೂರು ಸಿಲ್ಕ್ ಯಂತ್ರಮಗ್ಗದ್ದು. ಅದರಿಂದ ಅದರ ಬೆಲೆಯೇನೂ ಕಡಿಮೆಯಾಗದು. ಕೈಮಗ್ಗವೇ ಬೇಕೆಂದರೆ ಮೊಳಕಾಲ್ಮೂರು ನೋಡಿ.

ಕೊಳ್ಳುವಾಗ ಸೀರೆಯನ್ನು ತಿರುಗಿಸಿ ನೋಡಿ. ಕೊರ್ವೈ ನೇಯ್ಗೆಯ ಕಂಚಿಯಲ್ಲಿ ಅಂಚು, ಒಡಲು ಸೇರುವಲ್ಲಿ ಎರಡು ಬಣ್ಣದ ಹೊಕ್ಕು (ಅಡ್ಡ ಎಳೆ) ಒಂದಕ್ಕೊಂದು ಹೆಣೆದುಕೊಂಡಿರುತ್ತದೆ. ಹಿಂಬದಿಯಲ್ಲಿ ಆ ಗೆರೆಯುದ್ದಕ್ಕೂ ಬೆರಳಾಡಿಸಿದರೆ ಸಣ್ಣ ಏರು ಸಿಗುತ್ತದೆ. ಇಳಕಲ್ ಸೀರೆಯಾದರೆ ಸೆರಗಿನ ಹಾಸನ್ನು (ಉದ್ದದ ಎಳೆ) ಒಡಲಿನ ಹಾಸಿಗೆ ಕುಣಿಕೆ ಹಾಕಿ ಜೋಡಿಸಿರುತ್ತಾರೆ, ಇದೇ ತೋಪ್ ತೆನಿ.

ನೂಲು ಸುಟ್ಟು ನೋಡುವುದಾದರೆ ಸೆರಗಿನ ಕುಚ್ಚಿನ ಎಳೆ ಒಂದೇ ಸಾಲದು. ಅದು ಹಾಸು ಮಾತ್ರ. ರವಿಕೆ ಕಣದ ಕತ್ತರಿಸಿದ ತುದಿಯಿಂದ ಹೊಕ್ಕಿನ ಎಳೆಯನ್ನೂ ಎಳೆದು ತೆಗೆಯಿರಿ. ಕಲಬೆರಕೆ ಇರುವುದು ಹೆಚ್ಚಾಗಿ ಹೊಕ್ಕಿನಲ್ಲೇ. ರೇಷ್ಮೆ ಸುಟ್ಟರೆ ಕೂದಲು ಸುಟ್ಟ ವಾಸನೆ, ಕರಿ ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಆರ್ಟ್ ಸಿಲ್ಕ್, ಅಂದರೆ ರೇಯಾನ್‌ನ ಕೃತಕ ರೇಷ್ಮೆ, ಕಾಗದದ ಹಾಗೆ ಉರಿಯುತ್ತದೆ.

ಪ್ರಶ್ನೆ: ಶಾಸ್ತ್ರದಲ್ಲಿ ಸೀರೆಗೆ ಅರಿಸಿನ ಬಿದ್ದು, ಸೋಪು ಹಾಕಿದೊಡನೆ ಕಲೆ ಕೆಂಪಾಯಿತು. ಬಣ್ಣ ಬಿಟ್ಟಿತೇ? – ಓದುಗರು, ಬೇಲೂರು

ಉತ್ತರ: ಸೀರೆಯ ಬಣ್ಣ ಬಿಟ್ಟದ್ದಲ್ಲ. ಸೋಪಿನ ಕ್ಷಾರಕ್ಕೆ ಅರಿಸಿನ ಕೆಂಪಾಗುತ್ತದೆ, ಕುಂಕುಮ ಮಾಡುವುದೂ ಇದೇ ಗುಣದಿಂದ. ಬಿಳಿ ವಿನೆಗರ್ ಒಂದು ಚಮಚಕ್ಕೆ ಎಂಟು ಚಮಚ ತಣ್ಣೀರು ಬೆರೆಸಿ, ಮೊದಲು ಒಳಮಡಿಕೆಯ ಮೂಲೆಯಲ್ಲಿ ಪರೀಕ್ಷಿಸಿ. ಜರಿಗೆ ತಾಗಿಸದೆ ಹತ್ತಿಯಿಂದ ಒತ್ತಿದರೆ ಕೆಂಪು ಮತ್ತೆ ಹಳದಿಗೆ ತಿರುಗುತ್ತದೆ. ಹಳದಿ ತೆಗೆಯುವ ಕೆಲಸ ಡ್ರೈವಾಶ್‌ನವರದು. ಅಲ್ಲಿಯವರೆಗೆ ಕಲೆಯ ಮೇಲೆ ಇಸ್ತ್ರಿ ಇಡಬೇಡಿ, ಬಿಸಿ ತಾಗಿದರೆ ಅದು ಅಲ್ಲೇ ಕಚ್ಚಿಕೊಳ್ಳುತ್ತದೆ.